ನರಕೋಶ ತಂತಿಯಲ್ಲ: ಚಿತ್ರಕ್ಕಿಂತ ಮೊದಲು ಕಲಿಸಬೇಕಾದದ್ದು

ಹತ್ತನೇ ತರಗತಿಯ ‘ನಿಯಂತ್ರಣ ಮತ್ತು ಸಹಭಾಗಿತ್ವ’ ಪಾಠ ಬೋಧನಾಭ್ಯಾಸದ ಅವಧಿಯಲ್ಲಿ ವಿಜ್ಞಾನ ವಿಭಾಗದ ಪ್ರಶಿಕ್ಷಣಾರ್ಥಿಗಳಿಗೆ ಅಚ್ಚುಮೆಚ್ಚು. ಚಾರ್ಟ್ ಚೆನ್ನಾಗಿ ಬರುತ್ತದೆ, ಬಣ್ಣ ಬಳಸಲು ಅವಕಾಶವಿದೆ, 40 ನಿಮಿಷದಲ್ಲಿ ಮುಗಿಯುತ್ತದೆ. ಪೀಠಿಕೆಗೆ ಎರಡು ಪ್ರಶ್ನೆ, ಕಪ್ಪುಹಲಗೆಯ ಮೇಲೆ ನರಕೋಶದ ಚಿತ್ರ, ಅದಕ್ಕೆ ಭಾಗಗಳ ಹೆಸರು, ಕೊನೆಗೆ ‘ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬ ಗೃಹಪಾಠ. ವೀಕ್ಷಣಾ ಪುಸ್ತಕದಲ್ಲಿ ‘ಬೋಧನೋಪಕರಣಗಳ ಬಳಕೆ ಉತ್ತಮ’ ಎಂಬ ಷರಾ ಬೀಳುತ್ತದೆ. ಅಲ್ಲಿಗೆ ನರಕೋಶ ಮುಗಿಯಿತು.

ಈ ಕ್ರಮ ತಿರುವುಮುರುವಾಗಿದೆ ಎಂಬುದು ನನ್ನ ಅಭಿಪ್ರಾಯ. ಚಿತ್ರ ಕೊನೆಗೆ ಬರಬೇಕು. ಅದಕ್ಕೂ ಮೊದಲು ಮಕ್ಕಳು ಎರಡು ಪ್ರಶ್ನೆಗಳನ್ನು ಎದುರಿಸಬೇಕು: ಈ ಕೋಶ ಇಷ್ಟು ವಿಚಿತ್ರ ಆಕಾರಕ್ಕೆ ಹೇಗೆ ಬೆಳೆಯಿತು? ಒಂದು ಕೋಶದ ಸುದ್ದಿ ಇನ್ನೊಂದಕ್ಕೆ ಹೇಗೆ ದಾಟುತ್ತದೆ? ಎರಡನೆಯದಕ್ಕೆ ಪಠ್ಯಪುಸ್ತಕದಲ್ಲಿ ಕೆಲವೇ ವಾಕ್ಯಗಳ ಉತ್ತರವಿದೆ. ಮೊದಲನೆಯದು ಆ ಅಧ್ಯಾಯದಲ್ಲಿ ಇಲ್ಲವೇ ಇಲ್ಲ. ಆದರೆ ನರವ್ಯೂಹದ ಜೀವಾಳ ಇರುವುದು ಈ ಎರಡರಲ್ಲಿಯೇ. ಪ್ರಾಣಿಶಾಸ್ತ್ರ ಓದಿ ಬಿ.ಇಡಿ.ಗೆ ಬಂದವಳಾಗಿ ಮಾತ್ರ ಇದನ್ನು ಹೇಳುತ್ತಿಲ್ಲ. ಮಕ್ಕಳ ಕಲಿಕೆಯ ಬಗ್ಗೆ ಶಿಕ್ಷಕರಾಗುವವರ ನಂಬಿಕೆಗಳೂ ಈ ಪಾಠಕ್ಕೆ ತಳಕು ಹಾಕಿಕೊಂಡಿವೆ.

ಮೊದಲು ‘ನರ’ ಎಂಬ ಪದವನ್ನೇ ನೋಡೋಣ. ನಮ್ಮ ಮಕ್ಕಳು ಈ ಪದವನ್ನು ಶಾಲೆಗೆ ಬರುವ ಮೊದಲೇ ಕಲಿತಿರುತ್ತಾರೆ, ಬೇರೆ ಅರ್ಥಗಳಲ್ಲಿ. ಮುಂಗೈ ಮೇಲೆ ಉಬ್ಬಿ ಕಾಣುವ ಅಭಿಧಮನಿ ಮನೆಯಲ್ಲಿ ‘ನರ’. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರೆ ‘ನರಕ್ಕೆ ಸೂಜಿ ಹಾಕಿದರು’. ಕಾಲಿನ ಸ್ನಾಯು ಸೆಳೆತಕ್ಕೆ ಸಿಕ್ಕರೆ ‘ನರ ಹಿಡಿದುಕೊಂಡಿದೆ’. ರಕ್ತನಾಳ, ಸ್ನಾಯು, ಸ್ನಾಯುರಜ್ಜು, ನರ ಎಲ್ಲವೂ ಆಡುಮಾತಿನಲ್ಲಿ ಒಂದೇ ಪದದ ಕೆಳಗೆ ಸೇರಿಕೊಂಡಿವೆ. ಇದು ಭಾಷೆಯ ದೋಷವಲ್ಲ, ಆಡುಮಾತಿನ ರೀತಿಯೇ ಹಾಗೆ. ಆದರೆ ಇದನ್ನು ಬಿಡಿಸದೆ ‘ನರಕೋಶ’ ಎಂದು ಹಲಗೆಯ ಮೇಲೆ ಬರೆದರೆ, ಮಗುವಿನ ಮನಸ್ಸಿನಲ್ಲಿ ಮೂಡುವುದು ಒಳಗೆ ಏನೋ ಹರಿಯುವ ಕೊಳವೆ. ಅದರ ಮೇಲೆ ನಾವು ‘ವಿದ್ಯುತ್ ಆವೇಗ’ ಎಂದು ಸೇರಿಸಿದಾಗ ಆ ಕೊಳವೆ ಕರೆಂಟಿನ ತಂತಿಯಾಗುತ್ತದೆ. ಹಲವು ಪಾಠಯೋಜನೆಗಳಲ್ಲಿ ‘ನರಗಳು ಮನೆಯ ವಿದ್ಯುತ್ ತಂತಿಗಳಿದ್ದಂತೆ’ ಎಂಬ ಸಾಲು ಸಾದೃಶ್ಯವಾಗಿ ಬರುವುದರಿಂದ ಆ ಕಲ್ಪನೆಗೆ ಮೊಹರು ಬೀಳುತ್ತದೆ.

ಸಾದೃಶ್ಯ ಬೇಡವೆಂದಲ್ಲ. ಅದು ಎಲ್ಲಿ ಮುರಿಯುತ್ತದೆ ಎಂಬುದನ್ನು ಮಕ್ಕಳೇ ಪರೀಕ್ಷಿಸಿ ನೋಡಬೇಕು. 1850ರಲ್ಲಿ ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸಂಕೇತದ ವೇಗವನ್ನು ಅಳೆದರು. ಸೆಕೆಂಡಿಗೆ ಸುಮಾರು 30 ಮೀಟರ್ ಬಂತು. ತಂತಿಯಲ್ಲಿ ಸಾಗುವ ವಿದ್ಯುತ್ ಸಂಕೇತದ ವೇಗ ಬೆಳಕಿನ ವೇಗದ ಜೊತೆ ಹೋಲಿಸುವಷ್ಟು ದೊಡ್ಡದು. ನರದ ಸಂಕೇತವಾದರೋ ಹೆದ್ದಾರಿಯ ಕಾರಿನ ಜೊತೆ ಹೋಲಿಸಬಹುದಾದಷ್ಟು. ಏಕೆಂದರೆ ಅಲ್ಲಿ ಎಲೆಕ್ಟ್ರಾನುಗಳು ತಂತಿಯುದ್ದಕ್ಕೂ ಹರಿಯುತ್ತಿಲ್ಲ. ಕೋಶಪೊರೆಯ ಒಂದು ಭಾಗದಲ್ಲಿ ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಆಮೇಲೆ ಪೊಟ್ಯಾಸಿಯಂ ಅಯಾನುಗಳು ಹೊರಹೋಗುತ್ತವೆ, ಆ ಬದಲಾವಣೆ ಪಕ್ಕದ ಭಾಗವನ್ನು ಎಬ್ಬಿಸುತ್ತದೆ, ಅದು ಅದರ ಪಕ್ಕದ್ದನ್ನು. ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್ಲಿ ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನಲ್ಲಿ ಇದನ್ನು ಅಳೆದು 1952ರಲ್ಲಿ ಲೆಕ್ಕ ಸಮೇತ ವಿವರಿಸಿದರು. ಅಂದರೆ ನರತಂತು ಕರೆಂಟನ್ನು ಸುಮ್ಮನೆ ಸಾಗಿಸುವುದಿಲ್ಲ. ಪ್ರತಿ ಹೆಜ್ಜೆಯಲ್ಲೂ ಸಂಕೇತವನ್ನು ಹೊಸದಾಗಿ ಹುಟ್ಟಿಸುತ್ತದೆ. ಅದಕ್ಕೇ ಅದು ಜೀವಂತ ಕೋಶ.

ಇದನ್ನು ತರಗತಿಯಲ್ಲಿ ಮುಟ್ಟಿಸಲು 30 ಸೆಂಟಿಮೀಟರಿನ ಒಂದು ಸ್ಕೇಲ್ ಸಾಕು. ಒಬ್ಬರು ಸ್ಕೇಲನ್ನು ನೇರವಾಗಿ ಹಿಡಿದು ಹೇಳದೆ ಕೈಬಿಡಬೇಕು, ಇನ್ನೊಬ್ಬರು ಬೆರಳುಗಳ ನಡುವೆ ಹಿಡಿಯಬೇಕು. ಸ್ಕೇಲ್ 20 ಸೆಂಟಿಮೀಟರ್ ಜಾರಿದ್ದರೆ, ಒಂಬತ್ತನೇ ತರಗತಿಯಲ್ಲಿ ಕಲಿತ ಚಲನೆಯ ಸೂತ್ರದಿಂದ ತೆಗೆದುಕೊಂಡ ಕಾಲ ಸುಮಾರು 0.2 ಸೆಕೆಂಡ್ ಎಂದು ಮಕ್ಕಳೇ ಲೆಕ್ಕ ಹಾಕಬಲ್ಲರು. ಈಗ ಮುಂದಿನ ಪ್ರಶ್ನೆ ಕೇಳಬೇಕು. ಕಣ್ಣಿನಿಂದ ಮೆದುಳಿಗೆ, ಅಲ್ಲಿಂದ ಬೆರಳಿಗೆ ದಾರಿ ಹೆಚ್ಚೆಂದರೆ ಒಂದೂವರೆ ಮೀಟರ್. ಮನುಷ್ಯರ ವೇಗದ ನರತಂತುಗಳಲ್ಲಿ ಸಂಕೇತ ಸೆಕೆಂಡಿಗೆ 50 ಮೀಟರ್ ಓಡುತ್ತದೆ ಎಂದಿಟ್ಟುಕೊಂಡರೂ ಪ್ರಯಾಣಕ್ಕೆ 0.03 ಸೆಕೆಂಡ್ ಸಾಕು. ಉಳಿದ 0.17 ಸೆಕೆಂಡ್ ಎಲ್ಲಿ ಹೋಯಿತು? ಕಣ್ಣಿನ ಅಕ್ಷಿಪಟಲ ಬೆಳಕನ್ನು ಸಂಕೇತವಾಗಿ ಬದಲಿಸುವುದಕ್ಕೆ, ಒಂದು ಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವುದಕ್ಕೆ, ಮೆದುಳು ‘ಹಿಡಿ’ ಎಂದು ತೀರ್ಮಾನಿಸುವುದಕ್ಕೆ, ಸ್ನಾಯು ಸಂಕುಚಿಸುವುದಕ್ಕೆ. ಕಾಣೆಯಾದ ಕಾಲವನ್ನು ಹುಡುಕುತ್ತಾ ಮಕ್ಕಳು ತಾವಾಗಿಯೇ ಪಾಠದ ಎರಡನೇ ಭಾಗಕ್ಕೆ ಬರುತ್ತಾರೆ.

ಆ ಭಾಗವೆಂದರೆ ಎರಡು ನರಕೋಶಗಳ ನಡುವಿನ ಬಿಡುವು, ಅಂದರೆ ಸಿನಾಪ್ಸ್. ಬೋಧನಾಭ್ಯಾಸದಲ್ಲಿ ನಾನು ವೀಕ್ಷಿಸಿದ ಒಂದು ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ ಪ್ರಶ್ನೆ ಹೀಗಿತ್ತು: “ವೈರ್ ಕಟ್ ಆದ್ರೆ ಕರೆಂಟ್ ಹೋಗಲ್ಲ. ಇಲ್ಲಿ ಮೊದಲೇ ಕಟ್ ಆಗಿದೆಯಲ್ಲ, ಹೇಗೆ ಹೋಗುತ್ತೆ?” ಅವನು ಕೇಳಿದ್ದು ವಿಜ್ಞಾನಿಗಳನ್ನು ಅರ್ಧ ಶತಮಾನ ಕಾಡಿದ ಪ್ರಶ್ನೆ. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ನರಕೋಶಗಳಿಗೆ ಕಪ್ಪು ಬಣ್ಣ ಹಿಡಿಸುವ ವಿಧಾನ ಕಂಡುಹಿಡಿದರು. ಇಡೀ ನರವ್ಯೂಹ ಒಂದೇ ಹೆಣೆದ ಬಲೆ ಎಂಬುದು ಅವರ ನಂಬಿಕೆ. ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಅದೇ ವಿಧಾನವನ್ನು ಬಳಸಿ, ಪ್ರತಿ ನರಕೋಶವೂ ಬಿಡಿ ಕೋಶ, ಅವು ಹತ್ತಿರ ಬರುತ್ತವೆ ಆದರೆ ಬೆಸೆದುಕೊಳ್ಳುವುದಿಲ್ಲ ಎಂದರು. 1906ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂದಾಗಲೂ ಗಾಲ್ಜಿ ತಮ್ಮ ಭಾಷಣದಲ್ಲಿ ಕಹಾಲರ ಸಿದ್ಧಾಂತವನ್ನು ಒಪ್ಪಲಿಲ್ಲ. ಒಂದೇ ಸಾಧನ, ಒಂದೇ ಬಗೆಯ ಸ್ಲೈಡು, ಎರಡು ತೀರ್ಮಾನ. ‘ವೈಜ್ಞಾನಿಕ ಮನೋಭಾವ’ ಎಂದು ಪಾಠಯೋಜನೆಯ ಉದ್ದೇಶಗಳ ಪಟ್ಟಿಯಲ್ಲಿ ಬರೆಯುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ. ಸುಮಾರು 20 ನ್ಯಾನೊಮೀಟರ್ ಅಗಲದ ಆ ಬಿಡುವನ್ನು ಕಣ್ಣಾರೆ ನೋಡಲು 1950ರ ದಶಕದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರಬೇಕಾಯಿತು.

ಬಿಡುವನ್ನು ದಾಟುವುದು ಏನು? 1921ರಲ್ಲಿ ಆಟೊ ಲೂವಿ ಎರಡು ಕಪ್ಪೆಗಳ ಹೃದಯಗಳನ್ನು ದ್ರಾವಣದಲ್ಲಿಟ್ಟರು. ಮೊದಲ ಹೃದಯದ ವೇಗಸ್ ನರವನ್ನು ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದ ಸುತ್ತಲಿದ್ದ ದ್ರವವನ್ನು ತೆಗೆದು ಎರಡನೆಯದಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಬಡಿತ ನಿಧಾನವಾಯಿತು. ಸುದ್ದಿ ದ್ರವದಲ್ಲಿತ್ತು. ಆ ವಸ್ತು ಅಸಿಟೈಲ್‌ಕೋಲಿನ್ ಎಂದು ಆಮೇಲೆ ಗೊತ್ತಾಯಿತು. ಲೂವಿಗೆ ಈ ಪ್ರಯೋಗ ಕನಸಿನಲ್ಲಿ ಹೊಳೆಯಿತು ಎಂಬ ಕಥೆ ಮಕ್ಕಳಿಗೆ ಇಷ್ಟವಾಗುತ್ತದೆ, ಹೇಳಬಹುದು. ಆದರೆ ಹಲಗೆಯ ಮೇಲೆ ಬರೆಯಬೇಕಾದದ್ದು ಎರಡು ಹೃದಯ ಮತ್ತು ಒಂದು ಪಿಪೆಟ್. ‘ಎರಡನೇ ಹೃದಯ ಏನಾಗಬಹುದು?’ ಎಂದು ಕೇಳಿ ಮಕ್ಕಳಿಂದ ಊಹೆ ಬರೆಸಿದ ನಂತರವೇ ಫಲಿತಾಂಶ ಹೇಳಬೇಕು. ಇದಕ್ಕೆ ಪ್ರಯೋಗಾಲಯವೂ ಬೇಡ, ಪ್ರೊಜೆಕ್ಟರೂ ಬೇಡ.

ಹಳ್ಳಿಯ ಶಾಲೆಗಳಲ್ಲಿ ಇದರ ಮುಂದಿನ ಹೆಜ್ಜೆ ಜೀವ ಉಳಿಸುವ ಮಾಹಿತಿಯೂ ಹೌದು. ನರದ ತುದಿಯಿಂದ ಸ್ನಾಯುವಿಗೆ ಸುದ್ದಿ ದಾಟಿಸುವುದೂ ಇದೇ ಅಸಿಟೈಲ್‌ಕೋಲಿನ್. ನಾಗರಹಾವಿನ ವಿಷದಲ್ಲಿರುವ ನರವಿಷ, ಸ್ನಾಯುವಿನ ಬದಿಯಲ್ಲಿ ಈ ರಾಸಾಯನಿಕ ಕೂರಬೇಕಾದ ಜಾಗವನ್ನು ಆಕ್ರಮಿಸುತ್ತದೆ. ಸುದ್ದಿ ಬರುತ್ತದೆ, ಸ್ವೀಕರಿಸಲು ಜಾಗವಿಲ್ಲ. ಅದಕ್ಕೇ ಕಣ್ಣಿನ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಇದಕ್ಕೆ ತದ್ವಿರುದ್ಧ. ಕೆಲಸ ಮುಗಿದ ಅಸಿಟೈಲ್‌ಕೋಲಿನ್ನನ್ನು ಒಡೆದು ತೆಗೆಯುವ ಕಿಣ್ವವನ್ನು ಅವು ತಡೆಯುತ್ತವೆ. ಸುದ್ದಿ ನಿಲ್ಲುವುದೇ ಇಲ್ಲ. ಜೊಲ್ಲು, ಬೆವರು, ಸ್ನಾಯುಗಳ ಅದುರು, ಕೊನೆಗೆ ಅಲ್ಲೂ ಉಸಿರಿಗೆ ಸಂಚಕಾರ. ಹೊಲದಲ್ಲಿ ಔಷಧಿ ಹೊಡೆಯುವ ಅಪ್ಪ, ಬಣವೆಯ ಹತ್ತಿರ ಹಾವು ಕಂಡ ಅಜ್ಜಿ ಇರುವ ಮನೆಗಳ ಮಕ್ಕಳಿಗೆ ಸಿನಾಪ್ಸ್ ಎಂದರೆ ಪರೀಕ್ಷೆಯ ಪದ ಮಾತ್ರವಲ್ಲ. ಹಾವು ಕಚ್ಚಿದಾಗ ಮಂತ್ರ ಹಾಕಿಸುತ್ತಾ ಕೂರದೆ ಪ್ರತಿವಿಷ ಮತ್ತು ಕೃತಕ ಉಸಿರಾಟ ಸಿಗುವ ಆಸ್ಪತ್ರೆಗೆ ಓಡಬೇಕು ಎಂಬುದಕ್ಕೆ, ಔಷಧಿ ಹೊಡೆದ ಬಟ್ಟೆಯನ್ನು ಕೂಡಲೇ ಬದಲಿಸಿ ಮೈ ತೊಳೆಯಬೇಕು ಎಂಬುದಕ್ಕೆ ಕಾರಣ ಆ 20 ನ್ಯಾನೊಮೀಟರಿನಲ್ಲಿದೆ.

ಈ ಕಥೆಯಲ್ಲಿ ಹೊರದೇಶದ ಹೆಸರುಗಳಷ್ಟೇ ಇವೆ ಎಂದುಕೊಳ್ಳಬೇಕಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು ಕಟ್ಟಿದ ಉಬೈದ್ ಸಿದ್ದಿಕಿ, ಅಮೆರಿಕದ ಸೀಮೋರ್ ಬೆಂಜರ್ ಅವರೊಂದಿಗೆ 1970ರ ದಶಕದಲ್ಲಿ ಹಣ್ಣಿನ ನೊಣಗಳ ವಿಶಿಷ್ಟ ತಳಿಗಳನ್ನು ಅಧ್ಯಯನ ಮಾಡಿದರು. ಮಾಮೂಲು ತಾಪದಲ್ಲಿ ಆ ನೊಣಗಳು ಚೆನ್ನಾಗಿಯೇ ಇರುತ್ತವೆ, ಬಿಸಿ ಏರಿಸಿದರೆ ಲಕ್ವ ಹೊಡೆದಂತೆ ಬೀಳುತ್ತವೆ, ತಂಪು ಮಾಡಿದರೆ ಚೇತರಿಸಿಕೊಳ್ಳುತ್ತವೆ. 1976ರಲ್ಲಿ ಪ್ರಕಟವಾದ ಆ ಕೆಲಸದ ಒಂದು ತಳಿಯಲ್ಲಿ ಕೆಟ್ಟಿದ್ದ ಜೀನು, ಸಿನಾಪ್ಸಿನಲ್ಲಿ ರಾಸಾಯನಿಕ ಬಿಡುಗಡೆಯಾಗಲು ಬೇಕಾದ ಒಂದು ಪ್ರೋಟೀನಿನದು ಎಂದು ಮುಂದೆ ತಿಳಿಯಿತು. ಬಾಳೆಹಣ್ಣಿನ ಮೇಲೆ ಕೂರುವ ನೊಣದಿಂದ ನರವ್ಯೂಹದ ಗುಟ್ಟು ತಿಳಿಯಬಹುದು ಎಂಬುದನ್ನು ನಮ್ಮ ರಾಜ್ಯದ ಮಕ್ಕಳು ಕೇಳಿರಲೇಬೇಕು.

ಇನ್ನು ಬೆಳವಣಿಗೆಯ ವಿಷಯ. ಚಿತ್ರದಲ್ಲಿರುವ ನರಕೋಶ ಹುಟ್ಟುವಾಗಲೇ ಹಾಗಿದ್ದಂತೆ ಕಾಣುತ್ತದೆ. ವಾಸ್ತವದಲ್ಲಿ ಭ್ರೂಣದ ಬೆನ್ನಿನ ಮೇಲಿನ ಒಂದು ಹಾಳೆಯಂಥ ಪದರ ಮಡಚಿಕೊಂಡು ಕೊಳವೆಯಾಗುತ್ತದೆ. ಇದು ನರಕೊಳವೆ. ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಅದರ ಎರಡೂ ತುದಿಗಳು ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮೆದುಳಿನಲ್ಲಿ ಅಥವಾ ಮೆದುಳುಬಳ್ಳಿಯಲ್ಲಿ ಗಂಭೀರ ದೋಷ ಉಳಿಯುತ್ತದೆ. ತಾಯಿಯ ದೇಹದಲ್ಲಿ ಸಾಕಷ್ಟು ಫೋಲಿಕ್ ಆಮ್ಲವಿದ್ದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ಆದರೆ 28 ದಿನಗಳೆಂದರೆ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಗರ್ಭಿಣಿ ಎಂದೇ ಗೊತ್ತಾಗಿರದ ಕಾಲ. ಹಾಗಾಗಿ ಫೋಲಿಕ್ ಆಮ್ಲ ಗರ್ಭಧಾರಣೆಗೆ ಮೊದಲೇ ದೇಹದಲ್ಲಿರಬೇಕು. ಪ್ರೌಢಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಮುಖ್ಯವಾಗಿ ರಕ್ತಹೀನತೆಗಾಗಿ. ಅದರಲ್ಲಿ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇದೆ. ಮಕ್ಕಳು ಮುಖ ಕಿವಿಚಿಕೊಂಡು ನುಂಗುವ, ಕೆಲವೊಮ್ಮೆ ಕಿಟಕಿಯಾಚೆ ಎಸೆಯುವ ಆ ಮಾತ್ರೆಯನ್ನು ಈ ಪಾಠದ ದಿನ ಮೇಜಿನ ಮೇಲಿಡಬೇಕು. ಅದಕ್ಕಿಂತ ಅಗ್ಗದ ಬೋಧನೋಪಕರಣ ಯಾವುದಿದೆ?

ಕೊಳವೆಯಿಂದ ಮುಂದೆ ಕೋಶಗಳು ವಿಭಜನೆಯಾಗಿ, ತಮ್ಮ ಜಾಗಕ್ಕೆ ವಲಸೆ ಹೋಗಿ, ತಂತುಗಳನ್ನು ಚಾಚುತ್ತವೆ. 1907ರಲ್ಲಿ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರಕೊಳವೆಯ ಚೂರನ್ನು ದುಗ್ಧರಸದ ಹನಿಯಲ್ಲಿಟ್ಟು, ಕೋಶದಿಂದ ತಂತು ಬೆಳೆದು ಹೊರಬರುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ರೀಟಾ ಲೆವಿ ಮೊಂಟಾಲ್ಚಿನಿ, ಯಹೂದ್ಯಳೆಂಬ ಕಾರಣಕ್ಕೆ ಮುಸೊಲಿನಿಯ ಕಾನೂನುಗಳು ವಿಶ್ವವಿದ್ಯಾಲಯದಿಂದ ಹೊರಹಾಕಿದಾಗ, ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆಯ ಭ್ರೂಣಗಳ ಮೇಲೆ ಪ್ರಯೋಗ ಮಾಡಿದರು. ನರಕೋಶಗಳು ಉಳಿದು ಬೆಳೆಯಲು ಇತರ ಅಂಗಾಂಶಗಳು ಸ್ರವಿಸುವ ಪೋಷಕ ವಸ್ತು ಬೇಕು ಎಂಬ ಅವರ ಮುಂದಿನ ಶೋಧನೆಗೆ 1986ರಲ್ಲಿ ನೊಬೆಲ್ ಬಂತು. ಬೆಳೆಯುವ ನರವ್ಯೂಹ ಬೇಕಾದದ್ದಕ್ಕಿಂತ ಹೆಚ್ಚು ಕೋಶಗಳನ್ನೂ ಸಂಪರ್ಕಗಳನ್ನೂ ಹುಟ್ಟಿಸುತ್ತದೆ, ಬಳಕೆಯಾದವು ಗಟ್ಟಿಯಾಗುತ್ತವೆ, ಉಳಿದವು ಕಳಚುತ್ತವೆ. ಸಂಕೇತದ ವೇಗ ಹೆಚ್ಚಿಸುವ ಮಯಲಿನ್ ಹೊದಿಕೆ ಮುಮ್ಮೆದುಳಿನ ಕೆಲವು ಭಾಗಗಳಲ್ಲಿ ಇಪ್ಪತ್ತರ ಹರೆಯದವರೆಗೂ ಬೆಳೆಯುತ್ತಲೇ ಇರುತ್ತದೆ. ಅಂದರೆ ಬೆಂಚಿನಲ್ಲಿ ಕೂತವರ ಮೆದುಳೂ ಕಾಮಗಾರಿಯ ಹಂತದಲ್ಲಿದೆ, ಹಲಗೆಯ ಮುಂದೆ ನಿಂತ ನಮ್ಮಲ್ಲಿ ಹಲವರದ್ದೂ ಈಗಷ್ಟೇ ಮುಗಿಯುತ್ತಿದೆ.

ಇಲ್ಲಿಯೇ ಈ ಪಾಠ ಶಿಕ್ಷಕರ ಕಡೆಗೆ ತಿರುಗುತ್ತದೆ. ‘ಇವನ ತಲೆಗೆ ಹತ್ತೋದಿಲ್ಲ’, ‘ತಲೆಯಲ್ಲಿ ಬರೀ ಗೊಬ್ಬರ’ ಎಂಬ ಮಾತುಗಳು ಸಿಬ್ಬಂದಿ ಕೊಠಡಿಗಳಲ್ಲಿ ಈಗಲೂ ಕೇಳುತ್ತವೆ. ಎರಿಕ್ ಕ್ಯಾಂಡೆಲ್, ಸುಮಾರು 20,000 ನರಕೋಶಗಳಷ್ಟೇ ಇರುವ ಏಪ್ಲೀಷಿಯಾ ಎಂಬ ಸಮುದ್ರಜೀವಿಯಲ್ಲಿ ನೆನಪನ್ನು ಅಧ್ಯಯನ ಮಾಡಿ 2000ದಲ್ಲಿ ನೊಬೆಲ್ ಪಡೆದರು. ಒಮ್ಮೆ ಕೊಟ್ಟ ಅನುಭವ ಇದ್ದ ಸಿನಾಪ್ಸನ್ನು ತಾತ್ಕಾಲಿಕವಾಗಿ ಬಲಪಡಿಸುತ್ತದೆ. ಬಿಡುವು ಕೊಟ್ಟು ದಿನಗಟ್ಟಲೆ ಮರಳಿ ಕೊಟ್ಟ ಅನುಭವದಿಂದ ಹೊಸ ಸಂಪರ್ಕಗಳೇ ಬೆಳೆಯುತ್ತವೆ. ಕಲಿಕೆ ಎಂದರೆ ಕೋಶಗಳಲ್ಲಿ ಆಗುವ ನಿಜವಾದ ಬೆಳವಣಿಗೆ, ಅದಕ್ಕೆ ಕಾಲವೂ ಪುನರಾವರ್ತನೆಯೂ ಬೇಕು. ಇದು ಗೊತ್ತಿರುವ ಶಿಕ್ಷಕ ‘ಹತ್ತೋದಿಲ್ಲ’ ಎನ್ನುವ ಮುನ್ನ ‘ಎಷ್ಟು ಸಲ, ಎಷ್ಟು ಅಂತರದಲ್ಲಿ ಕಲಿಸಿದೆ?’ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಎಚ್ಚರಿಕೆಯ ಒಂದು ಮಾತು. ಮೆದುಳಿನ ಹೆಸರಿನಲ್ಲಿ ಘೋಷಣೆಗಳು ಮಾರಾಟವಾಗುವುದೂ ಶಿಕ್ಷಣ ಕ್ಷೇತ್ರದಲ್ಲೇ ಹೆಚ್ಚು. ನಾವು ಮೆದುಳಿನ 10 ಪ್ರತಿಶತ ಮಾತ್ರ ಬಳಸುತ್ತೇವೆ ಎಂಬುದು ಸುಳ್ಳು. ಎಡಮೆದುಳಿನ ಮಗು, ಬಲಮೆದುಳಿನ ಮಗು ಎಂಬ ವಿಂಗಡಣೆಗೆ ಆಧಾರವಿಲ್ಲ. ಮಕ್ಕಳನ್ನು ದೃಶ್ಯ ಕಲಿಕೆಯವರು, ಶ್ರವಣ ಕಲಿಕೆಯವರು ಎಂದು ಬೇರ್ಪಡಿಸಿ ಕಲಿಸಿದರೆ ಲಾಭವಿದೆ ಎಂಬುದಕ್ಕೆ ಸಮರ್ಪಕ ಪುರಾವೆ ಇಲ್ಲವೆಂದು 2008ರಲ್ಲೇ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರ ವಿಮರ್ಶೆ ತೋರಿಸಿತು. ಆದರೂ ಇವು ಟಿಪ್ಪಣಿಗಳಲ್ಲಿ ಓಡಾಡುತ್ತಿವೆ. ನರಕೋಶವನ್ನು ಸರಿಯಾಗಿ ಕಲಿತವರು ಇಂಥ ಮಾತು ಕೇಳಿದಾಗ ‘ಪುರಾವೆ ಏನು?’ ಎನ್ನುತ್ತಾರೆ. ಚಿತ್ರವನ್ನಷ್ಟೇ ಕಲಿತವರಿಗೆ ಆ ಪ್ರಶ್ನೆ ಹೊಳೆಯುವುದು ಕಷ್ಟ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತಿದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಚಿತ್ರ ಕೇಳುತ್ತಾರೆ, ಅಂಕ ಅಲ್ಲಿದೆ, ಅವಧಿಗಳು ಕಡಿಮೆ, ಪಠ್ಯ ಮುಗಿಯಬೇಕು. ಆಕ್ಷೇಪ ನ್ಯಾಯವಾದದ್ದೇ. ಚಿತ್ರದ ಅಂಕ ಎಷ್ಟೋ ಮಕ್ಕಳಿಗೆ ಪಾಸಾಗುವ ಅಂಕ, ಅದನ್ನು ಕಡೆಗಣಿಸುವ ಹಕ್ಕು ನಮಗಿಲ್ಲ. ಆದರೆ ನಾನು ಕೇಳುತ್ತಿರುವುದು ಮೂರೇ ಅವಧಿ. ಮೊದಲನೆಯದರಲ್ಲಿ ‘ನರ’ ಪದದ ಚರ್ಚೆ ಮತ್ತು ಸ್ಕೇಲಿನ ಪ್ರಯೋಗ. ಎರಡನೆಯದರಲ್ಲಿ ಎರಡು ಹೃದಯಗಳು, ಹಾವಿನ ವಿಷ ಮತ್ತು ಕೀಟನಾಶಕ. ಮೂರನೆಯದರಲ್ಲಿ ಹಾಳೆಯೊಂದನ್ನು ಮಡಚಿ ನರಕೊಳವೆ ಮಾಡುವುದು, ನೀಲಿ ಮಾತ್ರೆ, ಕೊನೆಯ 15 ನಿಮಿಷ ಚಿತ್ರ. ಆ ಹೊತ್ತಿಗೆ ಡೆಂಡ್ರೈಟ್ ಯಾಕೆ ಕವಲೊಡೆದಿದೆ, ಆಕ್ಸಾನ್ ಯಾಕೆ ಉದ್ದ, ಅದರ ತುದಿ ಯಾಕೆ ಉಬ್ಬಿದೆ ಎಂಬುದು ಮಕ್ಕಳಿಗೆ ಗೊತ್ತಿರುತ್ತದೆ. ಕಾರಣ ಗೊತ್ತಿರುವ ಭಾಗದ ಹೆಸರನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ನಮ್ಮ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಮೂರು. ಒಂದು, ವಿಜ್ಞಾನ ಬೋಧನಾ ಪದ್ಧತಿಯ ತರಗತಿಯೂ ಕಲಿಕೆಯ ಮನೋವಿಜ್ಞಾನದ ತರಗತಿಯೂ ಈ ಒಂದು ವಿಷಯಕ್ಕಾದರೂ ಜೊತೆಯಾಗಲಿ. ಅಲ್ಲಿ ಕಲಿಕೆ, ಇಲ್ಲಿ ಕೋಶ ಎಂದು ಬೇರೆ ಬೇರೆ ನೋಟುಬುಕ್ಕುಗಳಲ್ಲಿ ಬರೆದುಕೊಳ್ಳುವ ನಾವು ಅವೆರಡೂ ಒಂದೇ ಎಂದು ತಿಳಿಯುವುದು ತಡವಾಗಿ. ಎರಡು, ಸಾಧ್ಯವಾದ ವರ್ಷ ಶೈಕ್ಷಣಿಕ ಪ್ರವಾಸದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಸಂಗ್ರಹಾಲಯವೂ ಸೇರಲಿ. ಮೂರು, ವೀಕ್ಷಣಾ ಪುಸ್ತಕದಲ್ಲಿ ಚಾರ್ಟಿನ ಅಂದಕ್ಕೆ ಒಂದು ಸಾಲು ಇರುವಂತೆ, ‘ವಿದ್ಯಾರ್ಥಿಯ ಪ್ರಶ್ನೆಗೆ ಪಾಠದಲ್ಲಿ ಜಾಗ ಸಿಕ್ಕಿತೇ?’ ಎಂಬುದಕ್ಕೂ ಒಂದು ಸಾಲು ಇರಲಿ. ‘ಮೊದಲೇ ಕಟ್ ಆಗಿದೆಯಲ್ಲ’ ಎಂದ ಹುಡುಗನ ಪ್ರಶ್ನೆಯನ್ನು ಆ ದಿನ ಯಾವ ವೀಕ್ಷಕರೂ ಬರೆದುಕೊಳ್ಳಲಿಲ್ಲ. ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. ಮುಂದಿನ ತಂಡದ ಬೋಧನಾಭ್ಯಾಸಕ್ಕೆ ಮೊದಲು ಆ ಒಂದು ಸಾಲನ್ನು ಅಚ್ಚು ಹಾಕಿಸುವುದು ಕಷ್ಟವೇನಲ್ಲ.